ಮಾನಕ್ಕೆ ಲೆಕ್ಕ ಕೇಳಿದ ದಾವೆಗಳು

ನಿಲ್ಲಿಸಬಾರದ ಜಾಗದಲ್ಲಿ ವಾಹನ ನಿಲ್ಲಿಸಿದವರಿಂದ ದಂಡ ವಸೂಲಿ ಮಾಡುವುದು ನ್ಯಾಯವೇ. ಆದರೆ ಆ ದಂಡ ಬಾಕಿ ಉಳಿಯಿತೆಂದು ಒಬ್ಬ ಹೆಣ್ಣಿನ ಬಟ್ಟೆ ಬಿಚ್ಚಿಸುವುದು ಯಾವ ನ್ಯಾಯ? ಅಮೆರಿಕದ ಶಿಕಾಗೋ ನಗರದಲ್ಲಿ 1952ರಿಂದ 1980ರವರೆಗೆ ಇಂತಹದ್ದೊಂದು ಪದ್ಧತಿಯೇ ಇತ್ತು. ಸಣ್ಣಪುಟ್ಟ ತಪ್ಪುಗಳಿಗಾಗಿ ಬಂಧಿತರಾಗಿ ಲಾಕಪ್‌ಗೆ ಬಂದ ಮಹಿಳೆಯರನ್ನು, ಅವರ ಬಳಿ ಆಯುಧವೋ ಮಾದಕವಸ್ತುವೋ ಇದೆಯೆಂಬ ಅನುಮಾನ ಇಲ್ಲದಿದ್ದರೂ, ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಲಾಗುತ್ತಿತ್ತು. ಅಂತಹುದೇ ತಪ್ಪಿಗೆ ಸಿಕ್ಕಿಬಿದ್ದ ಗಂಡಸರಿಗಾದರೆ ಮೈಮೇಲೆ ಕೈಯಾಡಿಸಿ ನೋಡಿದರೆ ಸಾಕಿತ್ತು.

ಈ ಪದ್ಧತಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದ್ದು ನೊಂದ ಮಹಿಳೆಯರೇ ಹೂಡಿದ ಸಿವಿಲ್ ದಾವೆಗಳು. ಈ ದಾವೆಗಳಿಗೆ ಬುನಾದಿಯಾದ ಕಾನೂನಿನ ಚರಿತ್ರೆಯನ್ನು ನಾವು ತಿಳಿಯಬೇಕು.

ಗುಲಾಮಗಿರಿ ಕೊನೆಗೊಂಡ ಬಳಿಕ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪು ಕರಿಯರ ಮೇಲೆ ದಾಳಿ ನಡೆಸುತ್ತಿತ್ತು. ಅನೇಕ ಕಡೆ ಸ್ಥಳೀಯ ಅಧಿಕಾರಿಗಳು ಕಣ್ಣು ಮುಚ್ಚಿ ಕುಳಿತಿದ್ದರು. ಆಗ, 1871ರಲ್ಲಿ, ಅಧಿಕಾರದ ಬಲದಿಂದ ಸಾಂವಿಧಾನಿಕ ಹಕ್ಕನ್ನು ಕಸಿಯುವವರ ವಿರುದ್ಧ ಕೇಂದ್ರದ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದೆಂಬ ಕಾಯಿದೆ ಬಂತು. ಆದರೆ ಸುಮಾರು ತೊಂಬತ್ತು ವರ್ಷ ಅದು ಹೆಚ್ಚಾಗಿ ಪುಸ್ತಕದಲ್ಲೇ ಉಳಿಯಿತು.

ಅದಕ್ಕೆ ಮರುಜೀವ ಕೊಟ್ಟದ್ದೂ ಶಿಕಾಗೋದ ಪ್ರಕರಣವೇ. 1958ರ ಒಂದು ನಸುಕಿನಲ್ಲಿ 13 ಪೊಲೀಸರು ವಾರಂಟ್ ಇಲ್ಲದೆ ಮನ್ರೋ ಎಂಬ ಕರಿಯ ಕುಟುಂಬದ ಮನೆಗೆ ನುಗ್ಗಿ, ಮನೆಯವರನ್ನು ಹಾಸಿಗೆಯಿಂದ ಎಬ್ಬಿಸಿ ಬೆತ್ತಲೆ ನಿಲ್ಲಿಸಿದರೆಂಬುದು ದೂರು. ಪೊಲೀಸನು ಅಧಿಕಾರವನ್ನು ದುರುಪಯೋಗ ಮಾಡಿದಾಗಲೂ ಈ ಕಾಯಿದೆಯಡಿ ಅವನನ್ನು ಹೊಣೆ ಮಾಡಬಹುದೆಂದು 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಗರಾಡಳಿತ ಮಾತ್ರ ಆಗ ಪಾರಾಯಿತು. ಆಡಳಿತದ ನೀತಿ ಅಥವಾ ರೂಢಿಯಿಂದಲೇ ಅನ್ಯಾಯವಾಗಿದ್ದರೆ ಅದೂ ಹೊಣೆಯೆಂಬ ತೀರ್ಪು ಬಂದದ್ದು 1978ರಲ್ಲಿ.

ಶಿಕಾಗೋದ ಮಹಿಳೆಯರಿಗೆ ದಾರಿ ತೆರೆದದ್ದು ಹೀಗೆ. ದಾವೆ ಹೂಡಿದವರಲ್ಲಿ ಪಾರ್ಕಿಂಗ್ ದಂಡ ಬಾಕಿ ಇದ್ದದ್ದಕ್ಕೆ ಬಂಧಿತಳಾದವಳಿದ್ದಳು; ತಪ್ಪಾಗಿ ಎಡಕ್ಕೆ ತಿರುಗಿ, ಲೈಸೆನ್ಸ್ ತೋರಿಸಲಾಗದೆ ಸಿಕ್ಕಿಕೊಂಡವಳಿದ್ದಳು. ಈ ತಪಾಸಣೆ ಅಕಾರಣ ಶೋಧನೆಯನ್ನು ನಿಷೇಧಿಸುವ ಸಂವಿಧಾನದ ನಾಲ್ಕನೇ ತಿದ್ದುಪಡಿಗೂ, ಸಮಾನತೆಯ ತತ್ವಕ್ಕೂ ವಿರುದ್ಧವೆಂದು 1983ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಸಂಚಾರ ತಪ್ಪಿಗೆ ಬಂಧಿತರಾದವರನ್ನು ಸಕಾರಣ ಅನುಮಾನವಿಲ್ಲದೆ ಹೀಗೆ ತಪಾಸಿಸಬಾರದೆಂದು ಇಲಿನಾಯ್ ರಾಜ್ಯವೂ ಕಾನೂನು ಮಾಡಿತು.

ಆದರೆ ಗೆದ್ದದ್ದೆಲ್ಲ ಉಳಿಯಲಿಲ್ಲ. ನ್ಯೂಜೆರ್ಸಿಯಲ್ಲಿ 2005ರಲ್ಲಿ ಹೆಂಡತಿ ನಡೆಸುತ್ತಿದ್ದ ಕಾರಿನಲ್ಲಿದ್ದ ಒಬ್ಬ ಕರಿಯ ವ್ಯಕ್ತಿಯನ್ನು ಪೊಲೀಸರು ಬಂಧಿಸಿದರು. ಕಾರಣ, ಅವನು ಆಗಲೇ ಕಟ್ಟಿ ಮುಗಿಸಿದ್ದ ದಂಡದ ಹಳೆಯ ವಾರಂಟ್! ಎರಡು ಜೈಲುಗಳಲ್ಲಿ ಅವನ ಬಟ್ಟೆ ಬಿಚ್ಚಿಸಲಾಯಿತು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಜೈಲುಗಳ ಪರ ನಿಂತಿತು. ಇತರ ಕೈದಿಗಳ ಜೊತೆ ಸೇರಿಸುವ ಮುನ್ನ, ತಪ್ಪು ಎಷ್ಟೇ ಚಿಕ್ಕದಿರಲಿ, ಹೀಗೆ ತಪಾಸಿಸಬಹುದೆಂಬುದು ಅದರ ನಿಲುವು.

ಮೂರೇ ತಿಂಗಳಲ್ಲಿ, ಟೆಕ್ಸಾಸ್‌ನ ಡಲ್ಲಾಸ್ ಬಳಿ, ಸಿಗರೇಟ್ ತುಂಡು ಹೊರಗೆಸೆದರೆಂದು ಇಬ್ಬರು ಮಹಿಳೆಯರ ಕಾರನ್ನು ತಡೆಯಲಾಯಿತು. ಮಹಿಳಾ ಪೊಲೀಸೊಬ್ಬಳನ್ನು ಕರೆಸಿ, ಹೋಗಿಬರುವ ವಾಹನಗಳೆದುರೇ, ಗ್ಲೌಸ್ ಕೂಡ ಬದಲಿಸದೆ ಅವರ ಗುಪ್ತಾಂಗಗಳನ್ನು ತಪಾಸಿಸಲಾಯಿತು. ಏನೂ ಸಿಗಲಿಲ್ಲ. ಪೊಲೀಸ್ ವಾಹನದ ಕ್ಯಾಮೆರಾವೇ ಸಾಕ್ಷಿಯಾಯಿತು. 2013ರಲ್ಲಿ 1,85,000 ಡಾಲರ್‌ಗೆ ದಾವೆ ರಾಜಿಯಾಯಿತು. ವಾಹನ ತಡೆದಾಗ ವಾರಂಟ್ ಇಲ್ಲದೆ ಇಂತಹ ತಪಾಸಣೆ ಕೂಡದೆಂಬ ಟೆಕ್ಸಾಸ್ ಕಾನೂನು 2015ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು.

ಹೋದ ಮಾನ ಡಾಲರಿನಿಂದ ಮರಳಿ ಬರುವುದಿಲ್ಲ. ಪರಿಹಾರದ ಹಣವೂ ಸಾಮಾನ್ಯವಾಗಿ ತಪ್ಪು ಮಾಡಿದವನ ಜೇಬಿನಿಂದ ಹೋಗದೆ, ತೆರಿಗೆ ಕಟ್ಟಿದ ಜನರ ಬೊಕ್ಕಸದಿಂದಲೇ ಹೋಗುತ್ತದೆ. ಅದಕ್ಕಿಂತ ಕಠಿಣವಾದ ಬೆಲೆಯನ್ನು ತೆತ್ತವರು ಫಿರ್ಯಾದಿಗಳು. ಮನೆಯವರ ಮುಂದೆಯೂ ಹೇಳಲು ನಾಚುವ ಸಂಗತಿಯನ್ನು ಅವರು ಅಪರಿಚಿತರ ಎದುರು, ಪ್ರತಿವಾದಿ ವಕೀಲರ ಪ್ರಶ್ನೆಗಳ ನಡುವೆ ಬಿಡಿಸಿ ಹೇಳಬೇಕಾಯಿತು. ಅವರು ಬಾಯಿ ತೆರೆಯದಿದ್ದರೆ ಶಿಕಾಗೋದ ಲಾಕಪ್‌ನೊಳಗಿನ ಪದ್ಧತಿಯನ್ನು ಸಂವಿಧಾನದ ಮುಂದೆ ಒರೆಗೆ ಹಚ್ಚುವವರು ಯಾರಿದ್ದರು? ದಂಡ ಬಾಕಿ ಇದ್ದ ಮಾತ್ರಕ್ಕೆ ಮನುಷ್ಯನ ಮಾನ ಸರಕಾರದ ಪಾಲಾಗುವುದಿಲ್ಲ ಎಂಬುದನ್ನು ಅಧಿಕಾರಸ್ಥರಿಗೆ ನೆನಪಿಸಿದವರು ಅವರೇ.