ಯುಎಸ್‌ಎಸ್ ಜೂನಿ

ಯುಎಸ್‌ಎಸ್ ಜೂನಿ (ಎಟಿಎಫ್-95) ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ ನಿರ್ಮಿಸಲಾದ ಟಗ್ ನೌಕೆ. ಕೆಟ್ಟುನಿಂತ ಅಥವಾ ಹಾನಿಗೊಂಡ ಹಡಗುಗಳನ್ನು ಹಗ್ಗ ಕಟ್ಟಿ ಎಳೆದೊಯ್ಯುವ ಬಲಶಾಲಿ ನೌಕೆಯನ್ನು ಟಗ್ ಎನ್ನುತ್ತಾರೆ. ಯುದ್ಧಾನಂತರ ಇದು ಟಮರೋವಾ ಎಂಬ ಹೆಸರಿನಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ 1994ರವರೆಗೆ ಸೇವೆ ಸಲ್ಲಿಸಿತು.

ನಿರ್ಮಾಣ

ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಕಮರ್ಷಿಯಲ್ ಐರನ್ ವರ್ಕ್ಸ್ ಸಂಸ್ಥೆಯು ಈ ನೌಕೆಯನ್ನು ನಿರ್ಮಿಸಿತು. 1943ರ ಜುಲೈ 31ರಂದು ನೀರಿಗಿಳಿದ ನೌಕೆ, ಅಕ್ಟೋಬರ್ 9ರಂದು ಸೇವೆಗೆ ಸೇರಿತು. ಇದರ ಉದ್ದ 205 ಅಡಿ (62.5 ಮೀಟರ್). ನ್ಯೂ ಮೆಕ್ಸಿಕೊದ ಮೂಲನಿವಾಸಿ ಜನಾಂಗವಾದ ಜೂನಿಯ ಹೆಸರನ್ನು ಇದಕ್ಕೆ ಇಡಲಾಯಿತು.

ಯುದ್ಧಕಾಲದ ಸೇವೆ

ಟಾರ್ಪಿಡೊ ತಗುಲಿ ಎಂಜಿನ್ ನಿಂತುಹೋದ ಯುದ್ಧನೌಕೆ ನಡುಗಡಲಲ್ಲಿ ಶತ್ರುವಿಗೆ ಸುಲಭದ ಗುರಿಯಾಗುತ್ತಿತ್ತು. ಅದನ್ನು ಬಂದರಿಗೆ ಎಳೆದು ತಂದರೆ ನಾವಿಕರೂ ಉಳಿಯುತ್ತಿದ್ದರು, ನೌಕೆಯನ್ನೂ ದುರಸ್ತಿ ಮಾಡಬಹುದಾಗಿತ್ತು. 1944ರ ಅಕ್ಟೋಬರಿನಲ್ಲಿ ತೈವಾನ್ ಬಳಿ ಹಾನಿಗೊಂಡ ಹ್ಯೂಸ್ಟನ್ ಕ್ರೂಸರನ್ನು ಉಲಿಥಿ ದ್ವೀಪಸಮೂಹಕ್ಕೆ ಎಳೆದೊಯ್ಯುವ ಕಾರ್ಯದಲ್ಲಿ ಜೂನಿ ನೆರವಾಯಿತು. ನವೆಂಬರ್ 3ರಂದು ಜಪಾನಿನ ಜಲಾಂತರ್ಗಾಮಿಯ ದಾಳಿಗೆ ಸಿಲುಕಿದ ರೀನೊ ಕ್ರೂಸರನ್ನು ಇದು ಸುಮಾರು 1,500 ಮೈಲಿ ಎಳೆದು ಉಲಿಥಿಗೆ ತಲುಪಿಸಿತು. ಎರಡೂ ಕ್ರೂಸರುಗಳು ಉಳಿದುಕೊಂಡವು.

1945ರಲ್ಲಿ ಇವೊ ಜಿಮಾ ದ್ವೀಪದ ಕಾರ್ಯಾಚರಣೆಯ ವೇಳೆ ಜೂನಿಯೇ ದಡಕ್ಕೆ ಸಿಲುಕಿ ಹಾನಿಗೊಂಡಿತು. ಅಲ್ಲಿ ಇದರ ಇಬ್ಬರು ನಾವಿಕರು ಪ್ರಾಣ ತೆತ್ತರು. ಯುದ್ಧಸೇವೆಗಾಗಿ ಇದಕ್ಕೆ 4 ಬ್ಯಾಟಲ್ ಸ್ಟಾರ್ ಗೌರವಗಳು ದೊರೆತವು.

ಕರಾವಳಿ ಕಾವಲು ಪಡೆಯಲ್ಲಿ

1946ರಲ್ಲಿ ನೌಕೆಯನ್ನು ಕರಾವಳಿ ಕಾವಲು ಪಡೆಗೆ ಹಸ್ತಾಂತರಿಸಿ ಟಮರೋವಾ ಎಂದು ಮರುನಾಮಕರಣ ಮಾಡಲಾಯಿತು. 1963ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ ದುರಸ್ತಿಗಾಗಿ ನಿಂತಿದ್ದಾಗ, ಇದರದೇ ನಾವಿಕನೊಬ್ಬ ತೇಲುವ ಡ್ರೈ ಡಾಕಿನ ಕವಾಟಗಳನ್ನು ತೆರೆದುದರಿಂದ ನೌಕೆ ವಾಲಿ ಜಖಂಗೊಂಡಿತು. ಅನಂತರ ಅದನ್ನು ಸರಿಪಡಿಸಿ ಮತ್ತೆ ಸೇವೆಗೆ ತರಲಾಯಿತು.

1991ರ ಅಕ್ಟೋಬರ್ ಕೊನೆಯಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಎದ್ದ ಭೀಕರ ಬಿರುಗಾಳಿಯ ನಡುವೆ, ಇಂಧನ ಮುಗಿದ ರಕ್ಷಣಾ ಹೆಲಿಕಾಪ್ಟರೊಂದು ಸಮುದ್ರಕ್ಕಿಳಿಯಿತು. ಅದರಲ್ಲಿದ್ದ 5 ಮಂದಿಯ ಪೈಕಿ 4 ಮಂದಿಯನ್ನು ಟಮರೋವಾ ರಕ್ಷಿಸಿತು. ಒಬ್ಬ ಯೋಧ ಪತ್ತೆಯಾಗಲಿಲ್ಲ. ಸೆಬಾಸ್ಟಿಯನ್ ಯುಂಗರ್ 1997ರಲ್ಲಿ ಪ್ರಕಟಿಸಿದ 'ದಿ ಪರ್ಫೆಕ್ಟ್ ಸ್ಟಾರ್ಮ್' ಕೃತಿಯಲ್ಲಿ ಈ ಘಟನೆಯ ವಿವರಗಳಿವೆ. 2000ದಲ್ಲಿ ಅದೇ ಹೆಸರಿನ ಚಲನಚಿತ್ರವೂ ತೆರೆಕಂಡಿತು.

ನಿವೃತ್ತಿ

1994ರ ಫೆಬ್ರವರಿ 1ರಂದು, 50 ವರ್ಷಗಳಿಗೂ ಮೀರಿದ ಸೇವೆಯ ಬಳಿಕ, ನೌಕೆ ನಿವೃತ್ತವಾಯಿತು. ಅದನ್ನು ಸ್ಮಾರಕವಾಗಿ ಉಳಿಸಿಕೊಳ್ಳಲು ವರ್ಜೀನಿಯಾದಲ್ಲಿ ಸ್ವಯಂಸೇವಕರು ನಡೆಸಿದ ಪ್ರಯತ್ನ ಸಫಲವಾಗಲಿಲ್ಲ. 2017ರ ಮೇ 10ರಂದು ನ್ಯೂಜೆರ್ಸಿಯ ಕೇಪ್ ಮೇ ಬಳಿಯ ಸಮುದ್ರದಲ್ಲಿ, ಮೀನು ಮತ್ತಿತರ ಜಲಚರಗಳಿಗೆ ನೆಲೆಯಾಗುವ ಕೃತಕ ದಿಬ್ಬವಾಗಿ ಅದನ್ನು ಮುಳುಗಿಸಲಾಯಿತು.