ಪಿಯಾನೋವಿನ ಶ್ರುತಿಯೂ ಶಾಲೆಗಳ ಕರಾರೂ

ನಮ್ಮಲ್ಲಿ ವೀಣೆಯನ್ನು ನುಡಿಸತಕ್ಕವರು ತಮ್ಮ ವಾದ್ಯದ ಶ್ರುತಿಯನ್ನು ತಾವೇ ಕೂಡಿಸಿಕೊಳ್ಳುವರು. ಅದಕ್ಕಿರುವ ತಂತಿಗಳು ಏಳೇ. ಪಾಶ್ಚಾತ್ಯರ ಪಿಯಾನೋವಿನ ಸಂಗತಿ ಬೇರೆ. ಈಗಿನ ಪಿಯಾನೋವಿನ 88 ಮನೆಗಳಿಗೆ ಉಕ್ಕಿನ ತಂತಿಗಳು 200ಕ್ಕೂ ಮಿಗಿಲಾಗಿರುವುವು. ಅವುಗಳ ಸೆಳೆತವನ್ನೆಲ್ಲ ಕೂಡಿಸಿದರೆ 15 ಟನ್ನುಗಳನ್ನು ಮೀರುವುದು. ಗಾಳಿಯ ತೇವವು ಹೆಚ್ಚುಕಡಿಮೆಯಾದಂತೆ ಮರವು ಉಬ್ಬಿ ಕುಗ್ಗುವುದರಿಂದ, ನುಡಿಸದೆ ಇಟ್ಟರೂ ಶ್ರುತಿಯು ತಪ್ಪುವುದು. ಆದಕಾರಣ ಶ್ರುತಿ ಕೂಡಿಸುವುದೇ ಅಲ್ಲಿ ಒಂದು ಪ್ರತ್ಯೇಕ ಕಸಬಾಯಿತು. ಶಾಲೆಗಳಲ್ಲಿ ವಾದ್ಯಗಳು ಹಲವು, ಅವುಗಳ ಮೇಲೆ ಆಡುವ ಎಳೆಯ ಕೈಗಳೂ ಹಲವು. ಆದುದರಿಂದ ಕೆಟ್ಟಾಗ ಕರೆಕಳುಹಿಸುವುದಕ್ಕಿಂತ, ಇಡಿಯ ವರ್ಷದ ಪಾಲನೆಯನ್ನು ಕರಾರಿನ ಮೂಲಕ ಒಬ್ಬರಿಗೆ ಒಪ್ಪಿಸುವುದು ಅನುಕೂಲವೆಂದು ತೋರಿತು.

ಈ ಕರಾರು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯಲ್ಲಿ ಅಂಧರ ಬಾಳಿನ ಒಂದು ಇತಿಹಾಸವೇ ಅಡಗಿದೆ.

ಪ್ಯಾರಿಸಿನಲ್ಲಿ ಅಂಧಬಾಲಕರಿಗಾಗಿ ಒಂದು ಶಾಲೆಯಿತ್ತು; ಲೂಯಿ ಬ್ರೈಲನು ಓದಿದುದೂ ಅಲ್ಲಿಯೇ. ಅಲ್ಲಿನ ಕ್ಲೋದ್ ಮೊಂತಾಲನೆಂಬ ಅಂಧ ವಿದ್ಯಾರ್ಥಿಯು ಸಹಪಾಠಿಯೊಬ್ಬನೊಡನೆ ಶಾಲೆಯ ಪಿಯಾನೋವಿನ ಶ್ರುತಿಯನ್ನು ತಾನೇ ಕೂಡಿಸಲು ತೊಡಗಿದನು. ಶಾಲೆಯ ವಾದ್ಯಗಳ ಪಾಲನೆಯನ್ನು ವಹಿಸಿಕೊಂಡಿದ್ದ ಕಣ್ಣುಳ್ಳ ಕಸಬುದಾರನು ಇದನ್ನು ಸಹಿಸಲಿಲ್ಲ, ದೂರು ಕೊಟ್ಟನು. ಇನ್ನು ಮುಂದೆ ವಾದ್ಯದ ಒಳಭಾಗವನ್ನು ಮುಟ್ಟಕೂಡದೆಂದು ಅಧಿಕಾರಿಗಳ ಅಪ್ಪಣೆಯಾಯಿತು. ಹುಡುಗರು ಕುಗ್ಗದೆ, ಹಳೆಯದೊಂದು ಪಿಯಾನೋವನ್ನು ಸಂಪಾದಿಸಿ, ಬಿಚ್ಚಿ, ತಡವಿ ತಿಳಿದು, ಮರಳಿ ಜೋಡಿಸಿದರು. ಕಡೆಗೆ ಅವರ ಕೌಶಲವನ್ನು ಕಂಡು ಶಾಲೆಯ ವಾದ್ಯಗಳ ಪಾಲನೆಯನ್ನು ಅವರಿಗೇ ಒಪ್ಪಿಸಲಾಯಿತು. ಮೊಂತಾಲನು 1830ರಲ್ಲಿ ಶಾಲೆಯನ್ನು ಬಿಟ್ಟು ನಗರದಲ್ಲಿ ವೃತ್ತಿಗೆ ನಿಂತನು. 1836ರಲ್ಲಿ ಶ್ರುತಿ ಕೂಡಿಸುವ ಕಲೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಮುಂದೆ ತಾನೇ ಪಿಯಾನೋಗಳ ತಯಾರಕನಾದನು.

ಈ ಕೆಲಸಕ್ಕೆ ಕಣ್ಣಿನ ಅಗತ್ಯವು ಅಲ್ಪವೆಂಬುದು ಅದರ ಕ್ರಮದಿಂದಲೇ ತಿಳಿಯುವುದು. ಎರಡು ತಂತಿಗಳ ನಾದವು ಕೊಂಚ ಬೇರೆಯಾಗಿದ್ದರೆ ಅಲೆಯಂತಹ ಏರಿಳಿತವೊಂದು ಕೇಳಿಬರುವುದು. ಶ್ರುತಿಕಾರನು ಆ ಅಲೆಗಳ ವೇಗವನ್ನು ಆಲಿಸಿ, ಮಣಿಕಟ್ಟಿನ ಸೂಕ್ಷ್ಮ ಚಲನೆಯಿಂದ ಬಿರಡೆಯನ್ನು ತಿರುಗಿಸುವನು. ಪಂಚಮವನ್ನು ನಮ್ಮ ತಂಬೂರಿಯಲ್ಲಿರುವಂತೆ ಶುದ್ಧವಾಗಿಡದೆ ಅತ್ಯಲ್ಪವಾಗಿ ತಗ್ಗಿಸಬೇಕು. ಇಲ್ಲವಾದರೆ ಎಲ್ಲ ಶ್ರುತಿಗಳಲ್ಲಿಯೂ ಆ ವಾದ್ಯವನ್ನು ನುಡಿಸಲಾಗದು. ಆ ಅಲ್ಪವನ್ನು ಅಳೆಯುವುದು ಕಿವಿಯೇ.

ಪ್ಯಾರಿಸಿನಲ್ಲಿ ಒಂದು ಶಾಲೆಯೊಳಗೆ ದೊರೆತ ಮಾನ್ಯತೆಯು ಅಮೆರಿಕದ ಬಾಸ್ಟನ್ ನಗರದಲ್ಲಿ ಸಾರ್ವಜನಿಕವಾಯಿತು. 1832ರಲ್ಲಿ ಸ್ಯಾಮ್ಯುಯಲ್ ಹೋವನ ಮುಂದಾಳುತನದಲ್ಲಿ ತೆರೆದ ಪರ್ಕಿನ್ಸ್ ಅಂಧಶಾಲೆಯಲ್ಲಿ ಶ್ರುತಿವಿದ್ಯೆಯನ್ನು ಕಲಿಸುತ್ತಿದ್ದರು. ಅಲ್ಲಿ ಈ ವಿದ್ಯೆಯ ಉಪಾಧ್ಯಾಯನಾಗಿದ್ದ ಜೋಯೆಲ್ ಸ್ಮಿತ್ತನು ತಾನೂ ಅಂಧನು. ಆದರೆ ಕಲಿತು ಹೊರಟವರಿಗೆ ಕೆಲಸ ಕೊಡುವವರಾರು? ಅಂಧನ ಕೈಗೆ ಬೆಲೆಬಾಳುವ ವಾದ್ಯವನ್ನು ಒಪ್ಪಿಸಲು ಗೃಹಸ್ಥರು ಹಿಂಜರಿಯುವುದು ಸಹಜವಾಗಿತ್ತು. ಮೈಕೇಲ್ ಅನಾಗ್ನೋಸನು ಅಧ್ಯಕ್ಷನಾಗಿದ್ದಾಗ, 1877ರಲ್ಲಿ, ಬಾಸ್ಟನ್ನಿನ ಸಾರ್ವಜನಿಕ ಶಾಲೆಗಳ 100ಕ್ಕೂ ಹೆಚ್ಚು ಪಿಯಾನೋಗಳ ಶ್ರುತಿ ಮತ್ತು ಪಾಲನೆಯ ಕರಾರು ಈ ಅಂಧಶಾಲೆಗೇ ದೊರೆಯಿತು. ಮುಂದೆ ನವೀಕರಣವನ್ನೂ ಹೊಂದಿತು.

ಇದರ ಮಹತ್ವವು ಹಣದಲ್ಲಿ ಮಾತ್ರವಿಲ್ಲ. ಊರಿನ ಶಾಲೆಗಳಲ್ಲಿ ಪ್ರತಿದಿನವೂ ನುಡಿಯುವ ವಾದ್ಯದ ದೋಷವನ್ನು ಮುಚ್ಚಿಡಲಾಗದು. ಅಪಸ್ವರವಾದರೆ ಉಪಾಧ್ಯಾಯರು ದೂರುವರು, ಕರಾರು ನಿಲ್ಲುವುದು. ಕರುಣೆಯಿಂದ ಒಂದು ಸಲ ಕೆಲಸ ಕೊಡಬಹುದು. ಎರಡನೆಯ ಸಲ ಕೊಡಿಸತಕ್ಕದ್ದು ಕೆಲಸದ ಗುಣವೇ. ಆದುದರಿಂದ ನವೀಕರಣಗೊಂಡ ಆ ಕಾಗದವು ಅಂಧ ಕಸಬುದಾರರಿಗೆ ಯಾವ ಪ್ರಶಸ್ತಿಪತ್ರಕ್ಕಿಂತಲೂ ಹಿರಿದಾಗಿತ್ತು.

ಅಂಧರಿಗೆ ನಾದವು ಒಲಿಯುವುದೆಂಬುದನ್ನು ಗದಗಿನ ಪಂಚಾಕ್ಷರಿ ಗವಾಯಿಗಳನ್ನೂ ಅವರ ವೀರೇಶ್ವರ ಪುಣ್ಯಾಶ್ರಮವನ್ನೂ ಬಲ್ಲ ಕನ್ನಡಿಗರಿಗೆ ಬೇರೆ ಹೇಳಬೇಕಾದುದಿಲ್ಲ. ಕಲಿಸಿದ ಮೇಲೆ ಕೆಲಸವನ್ನೂ ನಂಬಿ ಒಪ್ಪಿಸಬೇಕೆಂಬುದೇ ಬಾಸ್ಟನ್ನಿನ ಕರಾರಿನಿಂದ ನಾವು ಕಲಿಯತಕ್ಕ ಪಾಠ.