ವೆಸ್ಟ್ ಪಾಯಿಂಟಿನ ಬಸ್ಕಿಗಳು

ನಮ್ಮ ಕಾಲೇಜುಗಳಲ್ಲಿ ರ‍್ಯಾಗಿಂಗ್ ಎನ್ನುವುದಕ್ಕೆ ಅಮೆರಿಕದ ಸೈನ್ಯದಲ್ಲಿ ಹೇಜಿಂಗ್ ಎಂದು ಹೆಸರು. ಅದನ್ನು ಸಮರ್ಥಿಸುವವರು ಶಿಸ್ತಿನ ನೆಪವನ್ನೇ ಮುಂದೊಡ್ಡುತ್ತಾರೆ. ಆದರೆ ಇವೆರಡನ್ನೂ ಬೇರ್ಪಡಿಸಿ ತೋರಿಸಿದವರು ಸ್ವತಃ ಸೇನಾನಿಯೊಬ್ಬರೆಂಬುದನ್ನು ನಾವು ಗಮನಿಸಬೇಕು. 1879ರ ಆಗಸ್ಟ್ 11ರಂದು ವೆಸ್ಟ್ ಪಾಯಿಂಟ್ ಅಕಾಡೆಮಿಯ ಮುಖ್ಯಸ್ಥ ಜನರಲ್ ಜಾನ್ ಸ್ಕೋಫೀಲ್ಡ್ ಕೆಡೆಟ್‌ಗಳನ್ನು ಉದ್ದೇಶಿಸಿ ಮಾತನಾಡಿದರು. ಅವಮಾನವು ದ್ವೇಷವನ್ನು ಬೆಳೆಸುತ್ತದೆಯೇ ಹೊರತು ವಿಧೇಯತೆಯನ್ನಲ್ಲ ಎಂಬುದು ಅವರ ವಾದದ ತಿರುಳು. (ಆ ಭಾಷಣದ ಭಾಗವನ್ನು ಅಲ್ಲಿನ ಹೊಸಬರು ಕಂಠಪಾಠ ಮಾಡಿ ಹಿರಿಯರಿಗೆ ಒಪ್ಪಿಸುವ ರೂಢಿ ಬಂದದ್ದು ಇತಿಹಾಸದ ಕುಚೋದ್ಯವೇ ಸರಿ.)

ಹಿರಿಯ ಕೆಡೆಟ್‌ಗಳು ಬದಲಾಗಲಿಲ್ಲ. 1898ರಲ್ಲಿ ಸೇರಿದ ಆಸ್ಕರ್ ಬೂಜ್ ಎಂಬ ತರುಣನಿಗೆ ಅವರು ಖಾರದ ಸಾಸ್ ಕುಡಿಸಿದ್ದರು. ಕೆಲವೇ ತಿಂಗಳಲ್ಲಿ ಅಕಾಡೆಮಿ ಬಿಟ್ಟ ಆತ 1900ರ ಡಿಸೆಂಬರಿನಲ್ಲಿ ಕ್ಷಯದಿಂದ ತೀರಿಕೊಂಡ. ಸಾವಿಗೆ ಆ ಸಾಸೇ ಕಾರಣವೆಂದು ಮನೆಯವರು ದೂರಿದರು. ಅದು ರುಜುವಾತಾಗಲಿಲ್ಲ, ಆದರೆ ಅಮೆರಿಕದ ಸಂಸತ್ತು ನಡೆಸಿದ ವಿಚಾರಣೆಯಲ್ಲಿ ಉಳಿದುದೆಲ್ಲ ಹೊರಬಿತ್ತು. ಕುಸಿದು ಬೀಳುವವರೆಗೆ ಬಸ್ಕಿ ಹೊಡೆಸುವುದು, ಒಪ್ಪದವನನ್ನು ಮುಷ್ಟಿಕಾಳಗಕ್ಕೆ ನಿಲ್ಲಿಸುವುದು. ಕವಾಯತಿನಲ್ಲಿಯೂ ದೇಹ ದಣಿಯುತ್ತದೆ, ನಿಜ. ಆದರೆ ಅಲ್ಲಿ ಆಜ್ಞೆಗೊಂದು ಉದ್ದೇಶವಿದೆ, ಆಜ್ಞಾಪಿಸಿದವನು ಮೇಲಿನವರಿಗೆ ಉತ್ತರ ಹೇಳಬೇಕು. ರಾತ್ರಿ ಡೇರೆಯಲ್ಲಿ ಬಸ್ಕಿ ಹೊಡೆಸಿದವನು ಯಾರಿಗೂ ಉತ್ತರ ಹೇಳಬೇಕಿರಲಿಲ್ಲ.

ಆ ಬಸ್ಕಿಗಳಿಂದ ನರಳಿ, 1901ರಲ್ಲಿ ವಿಚಾರಣೆಯೆದುರು ಸಾಕ್ಷಿ ನುಡಿದವರಲ್ಲಿ ಡಗ್ಲಾಸ್ ಮೆಕಾರ್ಥರ್ ಒಬ್ಬರು. 1919ರಲ್ಲಿ ಅದೇ ಅಕಾಡೆಮಿಗೆ ಮುಖ್ಯಸ್ಥರಾಗಿ ಬಂದ ಅವರು, ಹೊಸಬರ ಮೊದಲ ತರಬೇತಿಯನ್ನು ಹಿರಿಯ ಕೆಡೆಟ್‌ಗಳ ಕೈಯಿಂದ ತೆಗೆದು ಸೇನಾಧಿಕಾರಿಗಳಿಗೆ ವಹಿಸಿದರು.